ಒಗೆದರೂ ಹೋಗದ ವಾಸನೆ

ಬಟ್ಟೆಗೆ ಹತ್ತಿದ ಯಾವ ವಾಸನೆಯನ್ನಾದರೂ ಬಿಡಿಸುತ್ತೇನೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದವಳು ಆ ಲಾಂಡ್ರಿಯವಳು. ಮೀನು ಮಾರುವವನ ಅಂಗಿ, ಗ್ಯಾರೇಜಿನವನ ಪ್ಯಾಂಟು, ಏನೇ ಬರಲಿ, ಅವಳ ಕೈ ದಾಟಿ ಹೊರಟಾಗ ಬರೀ ಬಿಸಿಲಿನ ವಾಸನೆ. ಅಂಥವಳು ಸ್ವಂತ ಗಂಡನ ಹಾಸಿಗೆಯ ಚಾದರದ ಮುಂದೆ ಸೋತು ಕೂತಳು.

ಮಲಗುವ ಕೋಣೆಯಲ್ಲಿ ಕೊಳೆಯಲು ಹೊರಟ ಹಣ್ಣಿನಂಥ, ಸಿಹಿಯೂ ಮುಗ್ಗಲೂ ಬೆರೆತ ವಾಸನೆ. ಅದನ್ನು ಅವಳು ಬಲ್ಲಳು. ಭಾವ, ಅಂದರೆ ಗಂಡನ ಅಣ್ಣ, ಇದೇ ಕೋಣೆಯಲ್ಲಿ ಸಾಯಲು ಮಲಗಿದ್ದಾಗಲೂ ಇದೇ ಇತ್ತು. ಕುಡಿದು ಕುಡಿದು ಲಿವರ್ ಸುಟ್ಟುಕೊಂಡನೆಂದು ಜನ ಆಡಿಕೊಂಡಿದ್ದರು. ಅವಳೂ ನಂಬಿದ್ದಳು.

ಗಂಡನೋ ಹನಿ ಮುಟ್ಟಿದವನಲ್ಲ. ಆದರೂ ಅವನ ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ಹುಟ್ಟುವಾಗಲೇ ತಾಯಿಯಿಂದ ಬಂದ ವೈರಸ್ಸು ಸದ್ದಿಲ್ಲದೆ ಲಿವರನ್ನು ತಿಂದಿದೆ, ಅಣ್ಣನನ್ನು ಕೊಂದದ್ದೂ ಬಹುಶಃ ಅದೇ ಎಂದರು ಡಾಕ್ಟರಮ್ಮ. ಉಪ್ಪು ಬಿಡಿಸಿ, ಮಾತ್ರೆಯನ್ನೂ ಒಂದು ಸಿಹಿ ಸಿರಪ್ಪನ್ನೂ ಕೊಟ್ಟು ಮನೆಗೆ ಕಳಿಸಿದರು. ಕಸಿ ಮಾಡಲು ಲಿವರ್ ಸಿಗುವವರೆಗೆ ಅವನನ್ನು ಉಳಿಸಿಕೊಳ್ಳಬೇಕಿತ್ತು.

ಸಿರಪ್ಪು ಕುಡಿದರೆ ಭೇದಿ. ಒಂದು ದಿನ ಚಾದರವೂ ಹಾಳಾಯಿತು.

"ಊರಿನ ಕೊಳೆ ಒಗೆಯೋರ ಮನೇಲೇ ಹೀಗಾದ್ರೆ ಹೇಗೆ ಹೇಳು?" ಎಂದು ಗಂಡ ನಾಚಿ ಗೋಡೆಯ ಕಡೆ ತಿರುಗಿದ.

ಮೊದಲೇ ನಿತ್ರಾಣ, ಅದರ ಮೇಲೆ ಇದೂ ಬೇಕೇ ಎಂದುಕೊಂಡು ಅವಳು ಸಿರಪ್ಪಿನ ಬಾಟಲಿಯನ್ನು ಕಪಾಟಿನ ಹಿಂದೆ ಸರಿಸಿದಳು. ಚಾದರ ಬೆಳ್ಳಗೆ ಉಳಿಯಿತು. ಆ ಹಣ್ಣಿನ ವಾಸನೆ ಬಂತು.

ಕುದಿಸಿದಳು, ಕುಕ್ಕಿದಳು, ಬಿಸಿಲಿಗೆ ಹರವಿದಳು. ಹೋಗಲಿಲ್ಲ. ಅವತ್ತು ಮಧ್ಯಾಹ್ನ ಅಂಗಡಿಗೆ ಬಂದರೆ ಗಂಡ ತಣ್ಣಗಿನ ಇಸ್ತ್ರಿಪೆಟ್ಟಿಗೆ ಹಿಡಿದು ಬರೀ ಮೇಜನ್ನು ಉಜ್ಜುತ್ತಿದ್ದ.

"ಯಾರ ಬಟ್ಟೆರೀ ಅದು?"

"ಅಣ್ಣಂದು. ನೋಡು, ಬಾಗಿಲಲ್ಲೇ ನಿಂತಿದಾನೆ. ಅವನದು ಮೊದಲು ಕೊಟ್ಬಿಡೋಣ."

ಬಾಗಿಲಲ್ಲಿ ಯಾರೂ ಇರಲಿಲ್ಲ. ಸತ್ತವನು ತಮ್ಮನನ್ನು ಕರೆದೊಯ್ಯಲು ಬಂದಿದ್ದಾನೆ, ವಾಸನೆ ಅವನದೇ! ನೆನಪಿಗೆಂದು ಅಂಗಡಿಯಲ್ಲೇ ಉಳಿಸಿಕೊಂಡಿದ್ದ ಭಾವನ ಕೋಟನ್ನು ಬೀದಿಗೆಸೆಯಲು ಎಳೆದು, ರೂಢಿಬಲದಿಂದ ಮೂಗಿಗೆ ಹಿಡಿದಳು. ಬರೀ ಸಾಬೂನು.

"ಅಣ್ಣ ಕಾಯ್ತಿದಾನೆ," ಎಂದು ಗಂಡ ಅವಳ ಹೆಗಲ ಮೇಲೆ ಬಾಗಿದ. ವಾಸನೆ ಅವನ ಉಸಿರಿನಲ್ಲಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಸಿರಪ್ ನಿಲ್ಲಿಸಿದ್ರಾ?"

"ಭೇದಿ ಆಗ್ತಿತ್ತಲ್ಲ ಡಾಕ್ಟ್ರೇ..."

"ಆಗ್ಲಿ ಅಂತಲೇ ಕೊಟ್ಟಿದ್ದಮ್ಮಾ. ಲಿವರ್ ಕಳೀಬೇಕಾದ ವಿಷಾನ ಅದು ಹೊರಗೆ ಹಾಕುತ್ತೆ. ಇಲ್ದಿದ್ರೆ ನೇರ ಮೆದುಳಿಗೇ ಏರುತ್ತೆ."

ಭಾವನೂ ಕೊನೆಗೆ ಬಾಗಿಲ ಕಡೆ ಕೈಚಾಚಿ ಯಾರನ್ನೋ ಕರೆಯುತ್ತಿದ್ದ. ಕುಡುಕನ ಬಡಬಡಿಕೆ ಎಂದು ಬಾಗಿಲು ಮುಚ್ಚಿಕೊಂಡು, ಅವಳು ಅವನ ಚಾದರ ಒಗೆಯುತ್ತ ಕೂತಿದ್ದಳು. ಅದು ಅವಳಿಗೆ ಈಗ ನೆನಪಾಯಿತು.

ಸಿರಪ್ಪು ಮತ್ತೆ ಶುರುವಾಗಿ ಕೆಲವು ದಿನಗಳ ಮೇಲೆ ಗಂಡನಿಗೆ ಮೈಮೇಲೆ ಎಚ್ಚರ ಬಂತು. ಚಾದರ ಮತ್ತೆ ಹಾಳಾಗಿತ್ತು. ಅವನು ಮುಖ ತಿರುಗಿಸಿದ. ಅವಳು ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಅವನ ಬಾಯಿಗೆ ಮೂಗು ತಂದು ಮೂಸಿದಳು. ವಾಸನೆ ತೆಳುವಾಗಿತ್ತು, ಪೂರ್ತಿ ಹೋಗಿರಲಿಲ್ಲ.

"ಅಣ್ಣ ಹೋದನಾ?" ಎಂದ ಅವನು, ಸಣ್ಣ ದನಿಯಲ್ಲಿ.

"ಎಲ್ಲಿ ಹೋಗ್ತಾರೆ? ಬಾಗಿಲಲ್ಲೇ ಇರ್ತಾರೆ," ಎಂದು ಅವಳು ಚಾದರದ ತುದಿ ಬಿಡಿಸಿದಳು. "ಕಾಯ್ಲಿ ಬಿಡಿ. ನಂಗೆ ಇನ್ನೂ ಒಗೆಯೋದಿದೆ."