ಏಜೆಂಟನ ಮೀಸೆ

"ಮೀಸೆ ತೆಗೆದ್ಬಿಡಯ್ಯ," ಎಂದ ಏಜೆಂಟ್.

ಕ್ಷೌರಿಕನ ಕತ್ತರಿ ಗಾಳಿಯಲ್ಲೇ ನಿಂತಿತು. ಗುಡ್ಡದಾಚೆಯ ಹೊಸ ಪಟ್ಟಣದ ಸೈಟುಗಳಿಗೆ ಟೋಕನ್ ಮಾರುತ್ತಿದ್ದ ಈ ಮನುಷ್ಯನನ್ನು ಬೀದಿಯವರು ನಂಬಿದ್ದೇ ಆ ಗೋರಂಟಿ ಬಣ್ಣದ ದಪ್ಪ ಮೀಸೆ ನೋಡಿ. ಸೈಟನ್ನಂತೂ ಯಾರೂ ಕಂಡಿರಲಿಲ್ಲ. ಇವತ್ತು ಕೊಂಡ ಟೋಕನನ್ನು ನಾಳೆ ಪಕ್ಕದ ಮನೆಯವನಿಗೇ ಹೆಚ್ಚಿನ ಬೆಲೆಗೆ ಮಾರಬಹುದೆಂದ ಮೇಲೆ ಸೈಟು ಯಾರಿಗೆ ಬೇಕು! ದರ್ಜಿ ಹೊಲಿಗೆ ಬಿಟ್ಟಿದ್ದ, ಮೇಷ್ಟರು ಪಾಠ ಬಿಟ್ಟಿದ್ದರು. ಊರಿಗೆ ಊರೇ ತಲೆ ಕೆಡಿಸಿಕೊಂಡು ಕೂತಿತ್ತು.

"ಯಾಕೆ ಸಾರ್? ಇಷ್ಟು ಚೆನ್ನಾಗಿದೆ."

"ಹೆಂಡ್ತಿಗೆ ಇಷ್ಟ ಇಲ್ಲ."

ಹೋದ ತಿಂಗಳಷ್ಟೇ ಇದೇ ಕುರ್ಚಿಯಲ್ಲಿ ಕೂತು, ಮದುವೆಗೆ ಎಲ್ಲಾದರೂ ಹೆಣ್ಣಿದ್ದರೆ ಹೇಳು ಎಂದಿದ್ದವನು ಇವನೇ. ಕ್ಷೌರಿಕ ಕತ್ತಿ ಕೈಗೆತ್ತಿಕೊಂಡ. ಮೀಸೆ ಇಳಿದ ಮೇಲೆ ಕನ್ನಡಿಯಲ್ಲಿ ಕಂಡವನನ್ನು ಹೆತ್ತ ತಾಯಿಯೂ ಗುರುತಿಸುತ್ತಿರಲಿಲ್ಲ. ಅವನು ಚಿಲ್ಲರೆ ಕೂಡ ಕೇಳದೆ ಹಿಂಬಾಗಿಲಿನಿಂದ ಹೊರಟುಹೋದ.

ಅಕ್ಕ! ಗಂಡ ಸತ್ತ ಮೇಲೆ ಅಕ್ಕ ಈ ತಮ್ಮನ ಮಾತು ಕೇಳಿ ಮನೆ ಮಾರಿದ್ದಳು. ಬಂದದ್ದರಲ್ಲಿ ಅರ್ಧ ಟೋಕನ್ನಿಗೆ ಹೋಗಿತ್ತು. ಇನ್ನರ್ಧವನ್ನು ಚಿಕ್ಕದೊಂದು ಮನೆ ಕೊಳ್ಳಲೆಂದು ಇಟ್ಟುಕೊಂಡು ಬೀದಿಯ ಆ ಕೊನೆಯಲ್ಲಿ ಬಾಡಿಗೆಗಿದ್ದಳು. ಈಗಲೇ ಓಡಿಹೋಗಿ ಹೇಳಬೇಕಿತ್ತು. ಆದರೆ ಕುರ್ಚಿಯಲ್ಲಿ ಕಂಡದ್ದನ್ನು ಬೀದಿಯಲ್ಲಿ ಆಡಬಾರದು ಎಂದು ಅಪ್ಪ ಕಲಿಸಿದ್ದ. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಸುದ್ದಿ ಹಬ್ಬಿಸಿ ಬೆಲೆ ಬೀಳಿಸಿದ ಎಂದು ನಾಲ್ಕು ಜನ ಉಗಿದರೆ? ಅಷ್ಟರಲ್ಲಿ ಬೇಕರಿಯವನು ಬಂದು ಕೂತ. ಇದೊಂದು ಗಡ್ಡ ಮುಗಿಸಿ ಹೋದರಾಯಿತು ಎಂದುಕೊಂಡ ಪುಣ್ಯಾತ್ಮ.

ಕತ್ತಿ ಗಲ್ಲಕ್ಕೆ ತಾಗಿ ರಕ್ತ ಬಂತು.

"ನಿನ್ನ ಕತ್ತಿ ಯಾವತ್ತೂ ತಪ್ಪಿದ್ದಿಲ್ಲ," ಎಂದ ಬೇಕರಿಯವನು. "ಏನಯ್ಯಾ ಸಮಾಚಾರ?"

"ಏನಿಲ್ಲ."

ಬೇಕರಿಯವನ ಕಣ್ಣು ನೆಲಕ್ಕೆ ಹೋಯಿತು. ಗೋರಂಟಿ ಬಣ್ಣದ ಕೂದಲನ್ನು ಗುಡಿಸಲು ಕ್ಷೌರಿಕ ಮರೆತಿದ್ದ. ಬೇಕರಿಯವನು ಅರ್ಧ ಮುಖದಲ್ಲಿ ನೊರೆ, ಕೊರಳಲ್ಲಿ ಟವೆಲು ಇರುವಂತೆಯೇ ಎದ್ದು ಓಡಿದ.

ಅಕ್ಕನಿಗೆ ಹೇಳುವ ಮೊದಲು ಒಮ್ಮೆ ಖಚಿತ ಮಾಡಿಕೊಳ್ಳೋಣವೆಂದು ಕ್ಷೌರಿಕ ಏಜೆಂಟನ ಕಚೇರಿಗೆ ಓಡಿದ. ಬೀಗ ಬಿದ್ದಿತ್ತು. ಬೇಕರಿಯವನ ಅವತಾರ ಕಂಡವರೆಲ್ಲ ಆಗಲೇ ಅಲ್ಲಿ ಮುಗಿಬಿದ್ದಿದ್ದರು. ದರ್ಜಿ ಕ್ಷೌರಿಕನ ಕೊರಳಪಟ್ಟಿ ಹಿಡಿದು, "ನಿನಗೆ ಗೊತ್ತು, ಬೊಗಳು!" ಎಂದು ಅಲುಗಾಡಿಸಿದ. ಯಾರೋ ಅಳುತ್ತಿದ್ದರು, ಯಾರೋ ಬಾಗಿಲಿಗೆ ಕಲ್ಲೆಸೆಯುತ್ತಿದ್ದರು. ಹೇಗೋ ತಪ್ಪಿಸಿಕೊಂಡು ಅಕ್ಕನ ಮನೆ ಮುಟ್ಟಿದರೆ ಅಲ್ಲೂ ಬೀಗ.

ಅಕ್ಕ ತಿರುವಿನಲ್ಲಿ ಬರುತ್ತಿದ್ದಳು. ಚೀಲವನ್ನು ಎದೆಗೊತ್ತಿ ಹಿಡಿದಿದ್ದಳು. ಮುಖದಲ್ಲಿ ನಗು.

"ಎಲ್ಲಿಗೆ ಹೋಗಿದ್ದೆ ಅಕ್ಕಾ?"

"ಮೆತ್ತಗೆ ಮಾತಾಡೋ. ಆ ಬೇಕರಿಯವನಿಗೆ ಏನೋ ಅರ್ಜೆಂಟಂತೆ, ಟೋಕನ್ನೆಲ್ಲಾ ಅರ್ಧ ಬೆಲೆಗೆ ಕೊಟ್ಬಿಟ್ಟ! ಮನೆಗೆ ಅಂತ ಇಟ್ಟಿದ್ದನ್ನೂ ಹಾಕಿ ತಗೊಂಡೆ."

"ಯಾರನ್ನಾದ್ರೂ ಒಂದು ಮಾತು ಕೇಳಬಾರದಿತ್ತಾ?"

"ಕೇಳದೆ ಇರ್ತೀನಾ? ನನ್ನ ತಮ್ಮ ಏನಂತಾನೆ ಅಂತ ಬೇಕರಿಯವನನ್ನೇ ಕೇಳಿದೆ. 'ಈಗ ತಾನೇ ನಿನ್ನ ತಮ್ಮನ ಅಂಗಡಿಯಿಂದ ಬಂದೆ, ಏನಿಲ್ಲ ಅಂದ' ಅಂತ ಹೇಳಿದ. ಏನಾದ್ರೂ ಇದ್ದಿದ್ರೆ ನೀನು ಮೊದಲು ಬಂದು ನನಗೆ ಹೇಳ್ತಿರಲಿಲ್ವೇನೋ?"