ಸನ್ಮಾನದ ಶಾಲು

"ಇದರಲ್ಲಿ ಎಡಗಡೆ ನಿಂತವರು ನಿಮ್ಮ ಗಂಡನೇ?"

ಕೇಳಿದ್ದು ಕಂಪ್ಯೂಟರಿನ ಪರದೆಯಲ್ಲಿದ್ದ ಕನ್ನಡಕದ ಹೆಂಗಸು. ಅದನ್ನು ಉರ್ದುವಿಗೆ ತಿರುಗಿಸಿದ್ದು ಪಕ್ಕದ ಚೌಕದಲ್ಲಿದ್ದ ದುಭಾಷಿ. ನಸೀಹಾ ಫೋಟೋವನ್ನು ನೋಡಿದಳು. ನೋಡಿ ಗುರುತಿಸುವುದು ಏನೂ ಇರಲಿಲ್ಲ. ಆ ಬಿಳಿ ಅಂಗಿಗೆ ಅವತ್ತು ಇಸ್ತ್ರಿ ಹಾಕಿದ್ದು ಅವಳೇ. ಮುಝಮ್ಮಿಲ್ ಎರಡು ಕೈಯಲ್ಲೂ ಶಾಲಿನ ಅಂಚು ಹಿಡಿದು ಊರಿನಿಂದ ಬಂದ ಮಂತ್ರಿಯ ಹೆಗಲಿಗೆ ಹೊದಿಸುತ್ತಿದ್ದ. ಮಂತ್ರಿ ಕ್ಯಾಮೆರಾ ನೋಡಿ ನಗುತ್ತಿದ್ದರು. ಬಲಗಡೆ ಹಾರ ಹಿಡಿದು ಅವಳ ಅಣ್ಣ ಹುಸೈನಬ್ಬ ನಿಂತಿದ್ದ. ಮುಝಮ್ಮಿಲ್ ತಲೆ ತಗ್ಗಿಸಿದ್ದ. ಅದು ಅವಮಾನಕ್ಕೆ ತಗ್ಗಿದ ತಲೆಯೆಂದು ಅವಳಿಗೆ ಗೊತ್ತು. ಫೋಟೋದಲ್ಲಿ ಅದು ವಿನಯದ ಹಾಗೆ ಕಾಣುತ್ತಿತ್ತು.

"ಹೌದು," ಎಂದಳು.

ಕೊಲ್ಲಿ ದೇಶದ ಹೂರಾ ಪೇಟೆಯ ಆ ಟೈಪಿಂಗ್ ಸೆಂಟರಿನ ಒಳಕೋಣೆಯಲ್ಲಿ ಎಸಿ ದೊಡ್ಡ ಸದ್ದು ಮಾಡುತ್ತಿತ್ತು. ಬಾಗಿಲ ಬಳಿಯ ಸ್ಟೂಲಿನಲ್ಲಿ ಇಗ್ನೇಷಿಯಸ್ ಕೂತಿದ್ದರು. ಕಿನ್ನಿಗೋಳಿ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿ ಕೂತು ಊರವರ ಅರ್ಜಿಗಳನ್ನೆಲ್ಲ ಟೈಪು ಮಾಡಿಕೊಡುವವರು. ಮುಝಮ್ಮಿಲ್‌ನ ಕಡತವನ್ನೂ ಅವರೇ ಹೊಂದಿಸಿಕೊಟ್ಟಿದ್ದರು.

ಮುಝಮ್ಮಿಲ್ ಬಂಧನ ಕೇಂದ್ರಕ್ಕೆ ಹೋಗಿ ಮೂವತ್ತನಾಲ್ಕು ದಿನವಾಗಿತ್ತು. ಅವನನ್ನು ಹಸ್ತಾಂತರಿಸಿ ಎಂದು ಊರಿನ ಸರಕಾರ ಕೇಳಿತ್ತು. ಬುಧವಾರ ಇಲ್ಲಿನ ಕೋರ್ಟು ತೀರ್ಮಾನ ಹೇಳಬೇಕು. ಅದಕ್ಕೆ ಮೊದಲು ಪರದೆಯ ಹೆಂಗಸು ಕೆಲಸ ಮಾಡುವ ಯುರೋಪಿನ ಸಣ್ಣ ದೇಶ ಆಶ್ರಯ ಕೊಡುತ್ತೇನೆ ಎಂದರೆ ಅವನು ಆ ಕಡೆಯ ವಿಮಾನ ಹತ್ತಬಹುದು ಎಂದು ವಕೀಲರು ಹೇಳಿದ್ದರು. ಇಲ್ಲದಿದ್ದರೆ ಪೊಲೀಸರ ನಡುವೆ ಕೂತು ದೆಹಲಿಯ ವಿಮಾನ. ಮೂರನೆಯ ದಾರಿ ಇರಲಿಲ್ಲ.

ಪರದೆಯ ಹೆಂಗಸು ಕೆಟ್ಟವಳಾಗಿರಲಿಲ್ಲ. ನಡುವೆ ಒಮ್ಮೆ ನೀರು ಬೇಕಾ ಎಂದೂ ಕೇಳಿದ್ದಳು, ತಾನೇ ಎದ್ದು ಕೊಡುವವಳ ಹಾಗೆ. ಈಗ ಅವಳು ನಿಧಾನವಾಗಿ ಕೇಳಿದಳು: ಈ ಮನುಷ್ಯನಿಂದ ನನ್ನ ಜೀವಕ್ಕೆ ಅಪಾಯವಿದೆ ಎಂದು ನಿಮ್ಮ ಗಂಡ ಬರೆದಿದ್ದಾರೆ. ಹಾಗಿದ್ದ ಮೇಲೆ ಅದೇ ಮನುಷ್ಯನಿಗೆ ವೇದಿಕೆಯ ಮೇಲೆ ಗೌರವ ಸಲ್ಲಿಸಿದ್ದು ಏಕೆ?

ನಮ್ಮಲ್ಲಿ ಶಾಲು ಹೊದಿಸುವುದು ಪ್ರೀತಿಗೆ ಮಾತ್ರ ಅಲ್ಲ ಎಂದು ಇವಳಿಗೆ ಹೇಗೆ ಹೇಳುವುದು? ಊರಿನಿಂದ ಯಾರೇ ದೊಡ್ಡವರು ಬರಲಿ, ಇಲ್ಲಿನ ಕನ್ನಡ ಸಂಘದವರು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ವಿಮಾನ ನಿಲ್ದಾಣದಲ್ಲೇ ಕಾಯುತ್ತಾರೆ. ಬಂದವರು ಯಾವ ಪಕ್ಷ ಎಂದು ಶಾಲು ಕೇಳುವುದಿಲ್ಲ.

"ಹೆದರಿ," ಎಂದಳು ನಸೀಹಾ.

ಯಾರಾದರೂ ಒತ್ತಾಯ ಮಾಡಿದರೇ?

"ನನ್ನ ಅಣ್ಣ. ಮತ್ತೆ ನಾನು."

ದುಭಾಷಿ ಅದನ್ನು ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದ. ಕುಟುಂಬದವರು ಪ್ರೋತ್ಸಾಹಿಸಿದರು ಎಂಬ ಅರ್ಥದ ಮಾತು ಅವಳ ಕಿವಿಗೆ ಬಿತ್ತು. ಹಾಗಲ್ಲ ಎನ್ನುವಷ್ಟರಲ್ಲಿ ಆ ಹೆಂಗಸು ಟೈಪು ಮಾಡಿ ಮುಗಿಸಿದ್ದಳು. ಹೆಂಡತಿಯ ಮಾತು ಒಂದೇ ಸಾಲದು, ಆ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದವರಿಂದ ಒಂದು ಬರಹ ಬೇಕು, ಭಾನುವಾರ ಮಧ್ಯಾಹ್ನದೊಳಗೆ, ಎಂದು ಅವಳು ಹೇಳಿದ ಮೇಲೆ ಪರದೆ ಕಪ್ಪಾಯಿತು.

ಮುಝಮ್ಮಿಲ್ ಇಲ್ಲಿ ಒಂದು ಗೋದಾಮಿನಲ್ಲಿ ಅಕೌಂಟೆಂಟ್. ಆಫೀಸು ಬಿಟ್ಟರೆ ಅವನಿಗೆ ಇದ್ದದ್ದು ಒಂದೇ ಚಟ, ಬರೆಯುವುದು. ಊರಿನಲ್ಲಿ ಸೇತುವೆಯ ಬಳಿ ಸೇರಿದ್ದ ಜನರ ಮೇಲೆ ಗೋಲಿಬಾರ್ ಆಗಿ ಇಬ್ಬರು ಸತ್ತಾಗ ಅವನು ಯಾರ್ಯಾರದ್ದೋ ಫೋನಿನ ವಿಡಿಯೋಗಳನ್ನು ತರಿಸಿಕೊಂಡು, ಯಾವ ನಿಮಿಷಕ್ಕೆ ಯಾವ ಜೀಪು ಬಂತು, ಮಂತ್ರಿಯ ಫೋನು ಬಂದ ಎಷ್ಟು ಹೊತ್ತಿಗೆ ಗುಂಡು ಹಾರಿತು ಎಂದು ಅಂತರ್ಜಾಲದಲ್ಲಿ ಹನ್ನೊಂದು ಕಂತು ಬರೆದ. ಹೆಸರು ಹಾಕದೆ ಬರೆದ. ಮೂರು ತಿಂಗಳಲ್ಲಿ ಹೆಸರು ಸರಕಾರಕ್ಕೆ ಸಿಕ್ಕಿತು. ದೇಶದ ವಿರುದ್ಧ ಸಂಚು ಎಂದು ಕೇಸಾಯಿತು, ಪಾಸ್‌ಪೋರ್ಟ್ ರದ್ದಾಯಿತು.

ಮಂತ್ರಿ ಬರುವ ಸುದ್ದಿ ಬಂದದ್ದು ಆ ಹೊತ್ತಿಗೆ. ಮಂತ್ರಿಯ ಕಡೆಯವನೊಬ್ಬ ಹುಸೈನಬ್ಬನಿಗೆ ಫೋನ್ ಮಾಡಿ, ನಿಮ್ಮ ಭಾವ ಸ್ಟೇಜಿಗೆ ಬಂದು ಒಂದು ಶಾಲು ಹಾಕಲಿ, ಸಾಹೇಬರ ಮನಸ್ಸು ಕರಗುತ್ತದೆ, ಕೇಸಿನಿಂದ ಬಿಡಿಸುತ್ತೇವೆ ಎಂದನಂತೆ. ಮುಝಮ್ಮಿಲ್ ಮೂರು ಸಲ ಆಗುವುದಿಲ್ಲ ಎಂದ. ನಾಲ್ಕನೆಯ ಸಲ ನಸೀಹಾ ಎಂಟು ವರ್ಷದ ಮಗಳು ಶಹೀದಾಳನ್ನು ಎಳೆದು ತಂದು ಅವನೆದುರು ನಿಲ್ಲಿಸಿ, ಇವಳಿಗೆ ಹೇಳಿ ನೋಡುವಾ ಆಗುವುದಿಲ್ಲ ಅಂತ, ಎಂದಳು. ಅವನು ಸ್ನಾನಕ್ಕೆ ಹೋದ. ಅವಳು ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟಳು.

ಮಂತ್ರಿಯ ಮನಸ್ಸು ಕರಗಲಿಲ್ಲ. ಟೀಕೆ ಮಾಡುತ್ತಿದ್ದವರೂ ಈಗ ನಮ್ಮ ಜೊತೆಗಿದ್ದಾರೆ ಎಂಬ ಸಾಲಿನ ಕೆಳಗೆ ಆ ಫೋಟೋ ಅವರ ಪುಟದಲ್ಲಿ ಬಂತು. ಮರುವಾರ ಮುಝಮ್ಮಿಲ್ ಹನ್ನೆರಡನೆಯ ಕಂತು ಬರೆದ, ಈ ಸಲ ಹೆಸರು ಹಾಕಿ. ಮತ್ತೆ ಹತ್ತು ದಿನಕ್ಕೆ ಅವನನ್ನು ಕರೆದುಕೊಂಡು ಹೋದರು.

ಹುಸೈನಬ್ಬನ ಕೋಲ್ಡ್ ಸ್ಟೋರ್ ಬುಸೈತೀನ್‌ನಲ್ಲಿ, ಮಸೀದಿಯ ಹಿಂದಿನ ಗಲ್ಲಿಯಲ್ಲಿ. ಹಾಲು, ಮೊಸರು, ಖುಬ್ಬೂಸ್ ರೊಟ್ಟಿ, ಸಿಗರೇಟು ಮಾರುವ ಅಂಗಡಿ. ಕೌಂಟರಿನ ಹಿಂದೆ, ಸಿಗರೇಟಿನ ಸಾಲಿನ ಮೇಲೆ, ಅದೇ ಫೋಟೋ ಚೌಕಟ್ಟಿನಲ್ಲಿತ್ತು. ನಸೀಹಾ ಹೋದಾಗ ಅವನು ನೀರಿನ ಕ್ಯಾನುಗಳನ್ನು ಎತ್ತಿಡುತ್ತಿದ್ದ. ತಂಗಿಯ ಮುಖ ನೋಡಿ ಫ್ರಿಜ್ಜಿನಿಂದ ಲಬನ್ ಮಜ್ಜಿಗೆಯ ಬಾಟಲಿ ತೆಗೆದುಕೊಟ್ಟ. ಅವಳು ಕುಡಿಯಲಿಲ್ಲ.

"ನಾನು ಎಂತ ಬರೀಬೇಕು?" ಎಂದ, ಎಲ್ಲ ಕೇಳಿದ ಮೇಲೆ.

"ಆದದ್ದು, ಕಾಕ," ಎಂದಳು ನಸೀಹಾ ಅಣ್ಣನಿಗೆ. "ಅವರು ಫೋನ್ ಮಾಡಿದ್ದು. ಶಾಲು ಹಾಕಿದ್ರೆ ಕೇಸಿಂದ ಬಿಡಿಸ್ತೇವೆ ಅಂದದ್ದು. ಇವರಿಗೆ ಮನಸ್ಸಿರಲಿಲ್ಲ, ನಾವು ಕಳಿಸಿದ್ದು. ಅಷ್ಟೇ."

"ಅಷ್ಟೇ ಅಂತೆ." ಹುಸೈನಬ್ಬ ಒಳಬಂದ ಬಂಗಾಳಿಯೊಬ್ಬನಿಗೆ ಹಿಂದಿಯಲ್ಲಿ ಮಾತಾಡಿ ಮೊಟ್ಟೆ ಕೊಟ್ಟು ಕಳಿಸಿದ. "ಆ ಕಾಗದ ಎಲ್ಲೆಲ್ಲಿಗೆ ಹೋಗ್ತದೆ ನಿನಗೆ ಗೊತ್ತುಂಟಾ? ನನ್ನ ಹುಡುಗ ಫವಾಝ್ ಊರಲ್ಲಿ ಕಾಲೇಜಿಗೆ ಹೋಗುದು. ಉಮ್ಮ ಅಲ್ಲೇ ಇರುದು. ನನ್ನ ಪಾಸ್‌ಪೋರ್ಟು ಮಾರ್ಚಿಗೆ ಮುಗೀತದೆ, ಮತ್ತೆ ಎಂಬೆಸಿಯ ಅದೇ ಕಿಟಕಿಗೆ ಹೋಗಿ ನಿಲ್ಲಬೇಕು ನಾನು."

"ಗುಟ್ಟಾಗಿ ಇಡ್ತಾರಂತೆ."

"ನಿನ್ನ ಗಂಡ ಹೆಸರು ಹಾಕದೆ ಬರೆದದ್ದು ಗುಟ್ಟಲ್ವಾ? ಎಷ್ಟು ದಿನ ಉಳೀತು ಅದು?"

ನಸೀಹಾ ಗೋಡೆಯ ಫೋಟೋ ತೋರಿಸಿದಳು. ಅದನ್ನಾದರೂ ತೆಗೆದಿಡಬಾರದಾ ಎಂದು ಕೇಳಿದಳು. ಹುಸೈನಬ್ಬ ತಿರುಗಿ ನೋಡಲಿಲ್ಲ.

"ಹಾಕಿದ್ದಕ್ಕೆ ಯಾರೂ ಕೇಳುದಿಲ್ಲ. ತೆಗೆದ್ರೆ ಕೇಳುವವರು ಉಂಟು." ಅವನು ಇನ್ನೊಂದು ಕ್ಯಾನು ಎತ್ತಿಟ್ಟ. "ನಾನು ಅವನಿಗೆ ಒಳ್ಳೇದಾಗ್ಲಿ ಅಂತಲೇ ಮಾಡಿದ್ದು ನಸೀಹಾ. ನಿನ್ನನ್ನು ಬರಿಗೈಯಲ್ಲಿ ಕಳಿಸುದಿಲ್ಲ ನಾನು. ನಾಳೆ ಸಂಜೆ ಬಾ."

ಮರುದಿನ ಸಂಜೆ ಅವನು ಕೊಟ್ಟ ಲಕೋಟೆಯನ್ನು ಅವಳು ಬಸ್ಸಿನಲ್ಲಿ ಒಡೆಯಲಿಲ್ಲ. ನೇರ ಹೂರಾಕ್ಕೆ ಒಯ್ದು ಇಗ್ನೇಷಿಯಸ್ ಅವರ ಮೇಜಿನ ಮೇಲಿಟ್ಟಳು. ಅವರು ಒಮ್ಮೆ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಸಂಘದ ಹೆಸರಿದ್ದ ದಪ್ಪ ಕಾಗದ. ಅಧ್ಯಕ್ಷರ ಸಹಿ, ಕಾರ್ಯದರ್ಶಿಯ ಸಹಿ, ನೇರಳೆ ಬಣ್ಣದ ಸೀಲು. ಒಂದು ದಿನದಲ್ಲಿ ಇಷ್ಟನ್ನೆಲ್ಲ ಹೊಂದಿಸಲು ಹುಸೈನಬ್ಬ ಅಂಗಡಿ ಮುಚ್ಚಿ ಓಡಾಡಿರಬೇಕು.

"ಒಳ್ಳೆ ಮನಸ್ಸಲ್ಲಿ ಬರ್ದಿದ್ದಾರೆ," ಎಂದರು ಇಗ್ನೇಷಿಯಸ್. "ಅದೇ ಕಷ್ಟ ಆದದ್ದು."

"ಎಂತ ಉಂಟು ಅಂಕಲ್ ಅದರಲ್ಲಿ?"

"ಮುಝಮ್ಮಿಲ್ ಸಜ್ಜನ ಅಂತ ಉಂಟು. ರಾಜಕೀಯದಲ್ಲಿ ಅವನಿಗೆ ಆಸಕ್ತಿಯೇ ಇಲ್ಲವಂತೆ. ಸರಕಾರದ ಮೇಲೆ ಅಪಾರ ಗೌರವವಂತೆ. ಮಾನ್ಯ ಮಂತ್ರಿಗಳನ್ನು ಸ್ವಇಚ್ಛೆಯಿಂದ ಸನ್ಮಾನಿಸಿದ್ದಾನಂತೆ." ಅವರು ಕಾಗದವನ್ನು ಮಡಚಿದರು. "ನಮ್ಮವರಿಗೆ ಇದೊಂದೇ ಗೊತ್ತಿರುದು ಮಗಾ. ಪೊಲೀಸ್ ಸ್ಟೇಶನಿಗೂ ಇದೇ ಕಾಗದ, ಬ್ಯಾಂಕಿಗೂ ಇದೇ, ಮದುವೆ ಸಂಬಂಧಕ್ಕೂ ಇದೇ. ಇದನ್ನು ಆ ಕನ್ನಡಕದ ಹೆಂಗಸಿಗೆ ಕಳಿಸಿದ್ರೆ ನಾವೇ ಬಾಗಿಲು ಹಾಕಿ ಬೀಗ ಜಡಿದ ಹಾಗೆ."

ಕಳಿಸಲಿಲ್ಲ. ಬದಲಿಗೆ ನಸೀಹಾ ಹೇಳುತ್ತ ಹೋದಳು, ಇಗ್ನೇಷಿಯಸ್ ಇಂಗ್ಲಿಷಿನಲ್ಲಿ ಟೈಪು ಮಾಡುತ್ತ ಹೋದರು. ಮಗಳನ್ನು ಎದುರು ನಿಲ್ಲಿಸಿದ್ದನ್ನು ಹೇಳಿದಳು. ಅವನು ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿ ಬಹಳ ಹೊತ್ತು ಹೊರಗೆ ಬಾರದ್ದನ್ನು ಹೇಳಿದಳು. ಶಾಲು ಹೊಲಿದ ಮಾತು ಬಂದಾಗ ಇಗ್ನೇಷಿಯಸ್ ಕೈ ನಿಲ್ಲಿಸಿ, ಇದು ಬೇಕಾ, ಎಂದು ಕೇಳಿದರು.

ಬೇಕು ಎಂದಳು. ಅವಳು ಕೆಲಸ ಮಾಡುವುದು ಮುಹರ್ರಕ್‌ನ ಒಂದು ಹೊಲಿಗೆ ಅಂಗಡಿಯಲ್ಲಿ; ಅಬಾಯಾಗಳ ತೋಳಿಗೆ ಕಸೂತಿ ಮಾಡುವುದು ಅವಳ ಕೆಲಸ. ಕನ್ನಡ ಅಕ್ಷರ ಹೊಲಿಯಲು ಬರುವವಳು ಅವಳೊಬ್ಬಳೇ ಎಂದು ಸಂಘದವರು ಸನ್ಮಾನದ ಶಾಲುಗಳನ್ನು ಅಲ್ಲಿಗೇ ಕೊಡುತ್ತಿದ್ದರು. ಮಂತ್ರಿಯ ಶಾಲಿನ ಮೂಲೆಯಲ್ಲಿ ಬಂಗಾರದ ಬಣ್ಣದ ನೂಲಿನಿಂದ 'ಗೌರವಪೂರ್ವಕವಾಗಿ' ಎಂದು ಹೊಲಿದದ್ದು ಅವಳೇ. ಯಾರು ಹೊದಿಸುತ್ತಾರೆ ಎಂದು ಆಗ ಅವಳಿಗೆ ಗೊತ್ತಿತ್ತು. ಅದಕ್ಕೇ ಹೊಲಿಗೆ ಇನ್ನಷ್ಟು ಒತ್ತಾಗಿ ಹಾಕಿದ್ದಳು, ಅದು ಚೆನ್ನಾಗಿದ್ದರೆ ಕೆಲಸ ಆಗಬಹುದು ಎಂಬ ಹಾಗೆ.

ಮಂಗಳವಾರ ಉತ್ತರ ಬಂತು. ನಾಲ್ಕು ಸಾಲು. ಅರ್ಜಿದಾರರು ಯಾರಿಂದ ಭಯವಿದೆ ಎನ್ನುತ್ತಾರೋ ಅವರ ಜೊತೆ ಸಾರ್ವಜನಿಕವಾಗಿ ಕಾಣಿಸಿಕೊಂಡಿದ್ದಾರೆ, ಬಲವಂತ ನಡೆದದ್ದಕ್ಕೆ ಹೊರಗಿನವರ ಪುರಾವೆ ಇಲ್ಲ, ಅರ್ಜಿ ತಿರಸ್ಕರಿಸಲಾಗಿದೆ. ಬುಧವಾರ ಕೋರ್ಟು ಹಸ್ತಾಂತರಕ್ಕೆ ಒಪ್ಪಿತು. ವಕೀಲರು ಏನೋ ವಾದ ಮಾಡಿದರಂತೆ. ಅದು ಅರೇಬಿಕ್‌ನಲ್ಲಿತ್ತು, ಹೊರಗೆ ಬಂದು ನಸೀಹಾಳಿಗೆ ಅವರು ಹೇಳಿದ್ದು ಒಂದೇ, ವಿಮಾನ ಶುಕ್ರವಾರ, ಏಳು ಕಿಲೋದ ಒಂದು ಬ್ಯಾಗು ಕೊಡಬಹುದು.

ಗುರುವಾರ ಮಧ್ಯಾಹ್ನ ಬಂಧನ ಕೇಂದ್ರದಿಂದ ಅವನ ಫೋನು ಬಂತು. ಎರಡು ನಿಮಿಷಕ್ಕೆ ಅವಕಾಶವಿತ್ತು. ಅವಳು ಎಲ್ಲ ಹೇಳಬೇಕೆಂದಿದ್ದಳು, ಹೇಳಿದ್ದು ಫೋಟೋದ ಮಾತು ಮಾತ್ರ.

"ಅಂಗಿಗೆ ಅಷ್ಟು ಚಂದ ಇಸ್ತ್ರಿ ಹಾಕಬಾರದಿತ್ತು ನೀನು," ಎಂದ ಮುಝಮ್ಮಿಲ್. "ಮುದ್ದೆ ಅಂಗಿಯಲ್ಲಿ ಹೋಗಿದ್ರೆ ನಂಬ್ತಿದ್ರೋ ಏನೋ."

ಅವಳಿಗೆ ನಗು ಬಂತು. ಅಂಥ ಹೊತ್ತಿನಲ್ಲಿ ನಗು ಬಂದದ್ದಕ್ಕೆ ನಾಚಿಕೆಯಾಯಿತು. ಅಣ್ಣನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ, ಅವನಿಗೂ ಮಕ್ಕಳಿದ್ದಾರೆ, ಎಂದು ಅವನು ಹೇಳಿದ. ದೆಹಲಿಯಲ್ಲಿ ಈಗ ಬಹಳ ಚಳಿಯಂತೆ ಎಂದು ಅವಳು ಹೇಳಿದಳು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಅವನು ಹೇಳುತ್ತಾನೇನೋ ಎಂದು ಕಾದಳು. ಅಷ್ಟರಲ್ಲಿ ಲೈನು ಕಡಿಯಿತು.

ಬ್ಯಾಗಿಗೆ ಎರಡು ಜೊತೆ ಬಟ್ಟೆ, ಸೋಪು, ಬಿಪಿ ಮಾತ್ರೆ, ಒಂದು ಸ್ವೆಟರು ಹಾಕಿದಳು. ಸ್ವೆಟರು ತೆಳ್ಳಗಿತ್ತು, ಈ ಊರಿನ ಚಳಿಗೆಂದು ತೆಗೆದುಕೊಂಡದ್ದು. ಶಾಲೆಯಿಂದ ಬಂದ ಶಹೀದಾ ಸಮವಸ್ತ್ರ ಬಿಚ್ಚದೆ ಎಲ್ಲವನ್ನೂ ನೋಡುತ್ತ ನಿಂತಿದ್ದಳು. ಆಮೇಲೆ ಕೋಣೆಗೆ ಹೋಗಿ ತನ್ನ ಹಾಸಿಗೆಯ ಮೇಲಿದ್ದ ಶಾಲನ್ನು ತಂದು ಬ್ಯಾಗಿನ ಮೇಲಿಟ್ಟಳು.

"ಇದು ಪಪ್ಪಂಗೆ. ಇದು ವಾರ್ಮ್ ಉಂಟು."

ಅದು ಮಂತ್ರಿಯ ಶಾಲು. ಅವತ್ತು ಬಂದಿದ್ದ ಆರು ಶಾಲುಗಳನ್ನೂ ಮಂತ್ರಿ ವಿಮಾನ ನಿಲ್ದಾಣಕ್ಕೆ ಹೋಗುವಾಗ ಹುಸೈನಬ್ಬನ ಕಾರಿನ ಹಿಂದಿನ ಸೀಟಿನಲ್ಲೇ ಬಿಟ್ಟು ಇಳಿದಿದ್ದರು. ಬಿಸಾಡಲು ಮನಸ್ಸಾಗದೆ ಹುಸೈನಬ್ಬ ಮುಝಮ್ಮಿಲ್ ಹೊದಿಸಿದ ಈ ಒಂದನ್ನು ತಂಗಿಗೆ ಕೊಟ್ಟಿದ್ದ. ಮನೆಗೆ ಬಂದ ಮೇಲೆ ಅದನ್ನು ಅವನು ಮುಟ್ಟಿರಲಿಲ್ಲ. ಎಸಿಯ ಚಳಿಗೆ ಶಹೀದಾ ಹೊದ್ದುಕೊಳ್ಳುತ್ತಿದ್ದಳು.

ನಸೀಹಾ ಶಾಲನ್ನು ಬ್ಯಾಗಿನಿಂದ ತೆಗೆದಳು. ಮಗಳ ಮುಖ ನೋಡಿ ಮತ್ತೆ ಇಟ್ಟಳು. ಮನೆಯಲ್ಲಿ ಅಷ್ಟು ಬೆಚ್ಚಗಿನದು ಬೇರೆ ಇರಲಿಲ್ಲ. ಕೊನೆಗೆ ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ತಂದು, ಕಿಟಕಿಯ ಬೆಳಕಿಗೆ ಕೂತು, ಮೂಲೆಯ ಅಕ್ಷರಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಒತ್ತಾಗಿ ಹಾಕಿದ ಹೊಲಿಗೆ, ಸುಲಭಕ್ಕೆ ಬರಲಿಲ್ಲ. ಶಹೀದಾ ಪಕ್ಕದಲ್ಲಿ ಕೂತು ಬಂಗಾರದ ಬಣ್ಣದ ಎಳೆಗಳನ್ನು ಅಂಗೈಯಲ್ಲಿ ಗುಡ್ಡೆ ಹಾಕಿದಳು.

ಮಸೀದಿಯಲ್ಲಿ ಅಸರ್ ನಮಾಜಿನ ಬಾಂಗ್ ಆಗುವ ಹೊತ್ತಿಗೆ ನೂಲೆಲ್ಲ ಹೋಗಿತ್ತು. ಬೆಳಕಿಗೆ ಹಿಡಿದಾಗ ಸೂಜಿಯ ತೂತುಗಳು ಕಂಡವು, ಅಕ್ಷರಕ್ಕೆ ಅಕ್ಷರ, ಸಾಲಾಗಿ.

"ಉಮ್ಮಾ, ಇನ್ನೂ ಓದ್ಲಿಕ್ಕೆ ಆಗ್ತದೆ," ಎಂದಳು ಶಹೀದಾ.

ನೀರು ಚಿಮುಕಿಸಿ ಇಸ್ತ್ರಿ ಎಳೆದರೆ ತೂತು ಮುಚ್ಚುತ್ತದೆ. ಅಂಗಡಿಯಲ್ಲಿ ದಿನವೂ ಮಾಡುವ ಕೆಲಸ. ನಸೀಹಾ ಇಸ್ತ್ರಿ ಪೆಟ್ಟಿಗೆಯನ್ನು ಬಿಸಿಗಿಟ್ಟಳು. ಶಾಲನ್ನು ಮೇಜಿನ ಮೇಲೆ ಹರಡಿ, ಬೆರಳು ಅದ್ದಿ, ಮೂಲೆಗೆ ನೀರು ಹಾಕಿದಳು. ಪೆಟ್ಟಿಗೆಯ ಕೆಂಪು ದೀಪ ಆರಿತು. ಹಿಡಿಗೆ ಕೈಯಿಟ್ಟವಳಿಗೆ ಫೋನಿನಲ್ಲಿ ಅವನಾಡಿದ ಇಸ್ತ್ರಿಯ ಮಾತು ನೆನಪಾಯಿತು. ಆಮೇಲೆ ಸ್ವಿಚ್ಚು ತೆಗೆದು, ಶಾಲನ್ನು ಎರಡು ಕೈಯಲ್ಲಿ ಮುದ್ದೆ ಮಾಡಿ, ಹಾಗೆಯೇ ಬ್ಯಾಗಿಗೆ ತುರುಕಿ ಜಿಪ್ಪು ಎಳೆದಳು.