ಹೊರಗಿನ ಸರ್ವರಿಗೆ ಹೋದ ಹೆಸರುಗಳು

ಮೋಹಿನಿಗೆ ಫಯಾಝ್‌ನ ಮೇಲೆ ಅನುಮಾನ ಹುಟ್ಟಿದ್ದು ಪಿಯುಸ್‌ನ ಮಾತಿನಿಂದ. ಕೊಲ್ಲಿ ನಾಡಿನ ಅಲ್ ಖುವೈರಿನಲ್ಲಿದ್ದ ಅವರ ಆಫೀಸಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು ಪಿಯುಸ್. ಹಡಗು ಕಂಪನಿಗಳ ಕಾಗದಪತ್ರ ಕಾಯುವ ಸಾಫ್ಟ್‌ವೇರ್ ಅವರದು. ಟೀಮಿಗೆ ಮೋಹಿನಿಯೇ ಹಿರಿಯಳು. ‘ಹಡಗು:’ ಎಂದು ಶುರುವಾಗಿ ಗಿರಾಕಿ ಕಂಪನಿಯ ಹೆಸರಿರುವ ವಿಳಾಸ ಕೊಟ್ಟರೆ ಆಫೀಸಿನ ಭಂಡಾರದಿಂದಲೇ ಕಾಗದ ತೆರೆದುಕೊಳ್ಳಬೇಕು. ಜಾವಾ ಎಂಬ ಕಂಪ್ಯೂಟರ್ ಭಾಷೆಗೆ ಅಂಥ ವಿಳಾಸ ಗೊತ್ತಿಲ್ಲ. ಅದಕ್ಕೆ ಕಲಿಸಿಕೊಡುವ ಹ್ಯಾಂಡ್ಲರ್ ಕ್ಲಾಸನ್ನು, ಅಂದರೆ ಕೋಡಿನ ತುಣುಕನ್ನು, ಅವಳ ಟೀಮಿನ ಫಯಾಝ್ ಬರೆದಿದ್ದ.

ಆ ಪ್ರೋಗ್ರಾಂ ಓಡಿದಾಗಲೆಲ್ಲ ಗಿರಾಕಿಗಳ ಹೆಸರು ಹಿಡಿದು ಹೊರಗಿನ ಸರ್ವರನ್ನು ವಿಚಾರಿಸುತ್ತಿದೆ ಎಂದ ಪಿಯುಸ್. ಒಳಗೇ ಮುಗಿಯುವ ಕೆಲಸಕ್ಕೆ ಹೊರಗೇನು ವಿಚಾರಣೆ?

ಮೋಹಿನಿಗೆ ಒಂದೊಂದೇ ನೆನಪಾಯಿತು. ಫಯಾಝ್ ಫೋನ್ ಬಂದರೆ ಮೆಟ್ಟಿಲ ಕಡೆ ಹೋಗುತ್ತಾನೆ. ಅವಳು ಹತ್ತಿರ ಬಂದರೆ ಅವಳಿಗೆ ತಿಳಿಯದ ಬ್ಯಾರಿ ಭಾಷೆಗೆ ಹೊರಳುತ್ತಾನೆ. ಅವನಿಗೆ ಏನೂ ಹೇಳದೆ, ಅವನು ಕೋಡನ್ನು ಮುಟ್ಟದಂತೆ ಅದರ ಬಾಗಿಲು ಮುಚ್ಚಿಸಿದಳು. ಆಮೇಲೆ ಕ್ಲಾಸನ್ನು ಸಾಲುಸಾಲಾಗಿ ಓದಿದಳು. ಹೊರಗೆ ಕಳಿಸುವ ಸಾಲು ಒಂದೂ ಇರಲಿಲ್ಲ. ಅಷ್ಟು ಶುಭ್ರವಾಗಿದ್ದುದೇ ಅವಳಿಗೆ ಇನ್ನಷ್ಟು ಸಂಶಯ ತಂದಿತು.

ಕೊನೆಗೆ ಪ್ರೋಗ್ರಾಮನ್ನು ಹೊರಗಿನ ವಿಚಾರಣೆ ಹೊರಡುವ ಕ್ಷಣದಲ್ಲೇ ನಿಲ್ಲಿಸಿ, ಅದನ್ನು ಕರೆದದ್ದು ಯಾರೆಂದು ಹಿಂದಕ್ಕೆ ಹುಡುಕುತ್ತ ಹೋದಳು. ಸಿಕ್ಕಿದ್ದು ಫಯಾಝ್‌ನ ಕೋಡಲ್ಲ, ಜಾವಾದ್ದೇ ಮೂಲ ಕ್ಲಾಸು. ಎರಡು ವಿಳಾಸಗಳು ಒಂದೇ ಹೌದೋ ಅಲ್ಲವೋ ಎಂದು ಹೋಲಿಸಬೇಕಾದಾಗ ಅದು ಹೆಸರನ್ನಷ್ಟೇ ನೋಡುವುದಿಲ್ಲ, ಆ ಹೆಸರಿನ ಯಂತ್ರ ಎಲ್ಲಿದೆಯೆಂದು ಹೊರಗೆ ಕೇಳಿಕೊಂಡು ಬರುತ್ತದೆ. ಫಯಾಝ್‌ನ ಕ್ಲಾಸಿಗೆ ಈ ಗುಣ ಆ ಮೂಲ ಕ್ಲಾಸಿನಿಂದ ತಾನಾಗಿ ಬಂದಿತ್ತು. ಅವಳು ಹೋಲಿಕೆಯ ಆ ಭಾಗವನ್ನು ಹ್ಯಾಂಡ್ಲರಿನಲ್ಲೇ ಹೊಸದಾಗಿ ಬರೆದು, ಬರೀ ಅಕ್ಷರಗಳನ್ನು ತಾಳೆ ನೋಡುವಂತೆ ಮಾಡಿದಳು. ವಿಚಾರಣೆ ನಿಂತಿತು.

ಅವನನ್ನು ಕರೆದು, ಫೋನಿನ ಅನುಮಾನವನ್ನೂ ಸೇರಿಸಿ ಎಲ್ಲವನ್ನೂ ಹೇಳಿದಳು. ಫೋನಿನದು ಉಳ್ಳಾಲದ ಮನೆಯ ಪಾಲಿನ ಜಗಳ, ಆಫೀಸಿನಲ್ಲಿ ನಾಲ್ಕು ಜನ ಕೇಳುವಂಥದ್ದಲ್ಲ ಎಂದ ಫಯಾಝ್.

“ನೀವು ಪಿಯುಸ್‌ನತ್ರ ಕೇಳಿದ್ರಿ, ಕೋಡಿನತ್ರ ಕೇಳಿದ್ರಿ. ನನ್ನತ್ರ ಒಂದ್ಸಲ ಕೇಳ್ಬಹುದಿತ್ತಲ್ಲ, ಮೇಡಂ?”

ತಪ್ಪಾಯಿತು ಅಂದಳು. ಅವನು ತಲೆಯಾಡಿಸಿದ.

ಕೋಡಿನ ಬಾಗಿಲು ಅವನಿಗೆ ಮತ್ತೆ ತೆರೆಯಿತು, ಕೆಲಸವೂ ಸಾಗಿತು. ಆದರೆ ಅಲ್ಲಿಂದಾಚೆಗೆ ಫಯಾಝ್ ಅವಳಿಗೆ ಏನೇ ಬರೆದರೂ, ಚಹಾಕ್ಕೆ ಹೋಗುತ್ತೇನೆ ಎಂಬಷ್ಟಕ್ಕೂ, ಪಿಯುಸ್‌ಗೊಂದು ಪ್ರತಿ ಕಳಿಸುತ್ತಿದ್ದ.